ಸಾಲಿನ ನಡುವೆ ನಿಂತು ನಮಾಜು ಮಾಡಿಸಿದ್ದು

ನಾವು ಆಪಾ, ಅಂದರೆ ಅಕ್ಕ, ಅಂತ ಕರೆಯುವ ಹಿರಿಯರ ಮಂಡಿ ಕೈಕೊಟ್ಟಿದ್ದರಿಂದಲೇ ಇದೆಲ್ಲ ಶುರುವಾಗಿದ್ದು.

ಎಷ್ಟೋ ವರ್ಷಗಳಿಂದ ರಮಝಾನ್ ತಿಂಗಳಲ್ಲಿ ನಮಗೆ ತರಾವೀಹ್, ಅಂದರೆ ಆ ತಿಂಗಳ ರಾತ್ರಿಯ ವಿಶೇಷ ನಮಾಜು, ಮಾಡಿಸುತ್ತಿದ್ದವರು ಅವರೇ. ರಾತ್ರಿ ಇಶಾ ನಮಾಜು ಆದ ಮೇಲೆ 20 ರಕಾತ್ (ನಿಂತು ಓದಿ, ಬಗ್ಗಿ, ಹಣೆ ನೆಲಕ್ಕಿಡುವ ಒಂದು ಸುತ್ತು ಒಂದು ರಕಾತ್). ಅವರ ಮನೆಯ ಹಾಲ್‌ನಲ್ಲಿ ಹೆಂಗಸರು ಎರಡು ಸಾಲು ನಿಲ್ಲುತ್ತಿದ್ದೆವು, ಜನ ಜಾಸ್ತಿಯಾದರೆ ಮೂರು. ಆ ವರ್ಷ ರಮಝಾನಿಗೆ ಇನ್ನೂ ಎರಡು ತಿಂಗಳು ಇದೆ ಅನ್ನುವಾಗ ಡಾಕ್ಟರು ಅವರಿಗೆ ಇನ್ನು ನೆಲಕ್ಕೆ ಕೂರಲೇಬೇಡಿ ಅಂದುಬಿಟ್ಟರು. ಕುರ್ಚಿ ಮೇಲೆ ಕೂತು ಬರೀ ತಲೆ ಬಗ್ಗಿಸಿ ಸಜ್ದಾ ಮಾಡುವ ಇಮಾಮ್ ಹಿಂದೆ, ನೆಲಕ್ಕೆ ಹಣೆ ಮುಟ್ಟಿಸುವವರ ನಮಾಜು ಆಗುವುದಿಲ್ಲ ಅನ್ನುವುದು ಹನಫಿ ಪಂಥದ ಮಸಲಾ, ಅಂದರೆ ಧರ್ಮನಿಯಮ. ಆಪಾ ನನ್ನನ್ನು ಕರೆದರು. ಪೀಠಿಕೆ ಗೀಠಿಕೆ ಏನೂ ಇಲ್ಲ. "ಈ ಸಲ ನೀನು ಮಾಡಿಸು" ಅಂದರು.

ನನಗೆ ನಗು ಬಂತು. ನನಗೆ ನೆಟ್ಟಗೆ ಬಾಯಿಗೆ ಬರುತ್ತಿದ್ದದ್ದು ಕುರ್‌ಆನಿನ ಕೊನೆಯ ಹತ್ತು ಸೂರಾ (ಅಧ್ಯಾಯ), ಫೀಲ್‌ನಿಂದ ನಾಸ್‌ವರೆಗೆ. ಅದರಾಚೆ ಇನ್ನೊಂದು ಹತ್ತು ಹನ್ನೆರಡು, ಅರೆಬರೆ. ಅದನ್ನೇ ಹೇಳಿದೆ. "ಹತ್ತು ಸೂರಾ, ಹತ್ತು ರಕಾತ್. ಮತ್ತೆ ಅದೇ ಹತ್ತು, ಇಪ್ಪತ್ತಾಯ್ತು. ಲೆಕ್ಕ ಬರುತ್ತಲ್ವಾ?" ಅಂದರು. ಲೆಕ್ಕ ಬರುತ್ತದೆ. ಎಷ್ಟೋ ಕಡೆ ಕುರ್‌ಆನ್ ಪೂರ್ತಿ ಬಾಯಿಪಾಠ ಇರುವ ಹಾಫಿಝ್ ಸಿಗದಿದ್ದಾಗ ತರಾವೀಹ್ ನಡೆಯುವುದೇ ಹೀಗೆ.

"ಎಲ್ಲರ ಮುಂದೆ ನಿಲ್ಲೋಕೆ ನನ್ನಿಂದಾಗಲ್ಲ ಆಪಾ."

"ಮುಂದೆ ನಿಲ್ಲು ಅಂತ ನಿನಗೆ ಯಾರು ಹೇಳಿದ್ದು? ನಡುವೆ ನಿಲ್ಲು."

ಮಾರನೇ ದಿನದಿಂದಲೇ ಪಾಠ. ಮೊದಲ ದಿನ ಅವರು ಮಾಡಿದ ಕೆಲಸ ನನ್ನ ನೋಟ್‌ಬುಕ್ ಕಿತ್ತುಕೊಂಡಿದ್ದು. ಚಿಕ್ಕಂದಿನಲ್ಲಿ ಸೂರಾಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತಿದ್ದೆ. ಅದೇ ನೋಟ್‌ಬುಕ್ ಈಗಲೂ ಇತ್ತು, ಅಂಚೆಲ್ಲ ಹರಿದು. ಆಪಾ ಅದನ್ನು ತೆಗೆದು ಇಖ್ಲಾಸ್ ಸೂರಾದ ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ಕುಲ್ ಹುವಲ್ಲಾಹು ಅಹದ್" ಅಂತ ಬರೆದಿದ್ದೆ.

"ಓದು."

ಓದಿದೆ.

"ನೀನು ಈಗ 'ತಿನ್ನು' ಅಂದೆ. ಅಲ್ಲಿರೋದು 'ಹೇಳು'."

ಅರಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮ ಕ ತರಹದ್ದು. ಇನ್ನೊಂದು ನಾಲಿಗೆಯ ಬುಡದಿಂದ, ಕಿರುನಾಲಿಗೆ ಇರುವ ಜಾಗದಿಂದ ಹೊರಡಬೇಕು. ಮೊದಲನೆಯದರಲ್ಲಿ 'ಕುಲ್' ಅಂದರೆ ತಿನ್ನು, ಎರಡನೆಯದರಲ್ಲಿ ಹೇಳು. 'ಕಲ್ಬ್' ಕೂಡ ಹಾಗೇ. ಒಂದರಲ್ಲಿ ನಾಯಿ, ಇನ್ನೊಂದರಲ್ಲಿ ಹೃದಯ. ಕನ್ನಡದಲ್ಲಿ ಬರೆದರೆ ನಾಯಿಯೂ ಹೃದಯವೂ ಒಂದೇ ಆಗಿಬಿಡುತ್ತವೆ. ಕೆಲವರು 'ಖುಲ್' ಅಂತ ಬರೆಯುತ್ತಾರೆ, ಆದರೆ ಖ ಅಂದರೆ ಅರಬಿಯಲ್ಲಿ ಬೇರೆಯೇ ಅಕ್ಷರ. ಎರಡು 'ಹ' ಇವೆ, ನಮಗಿರುವುದು ಒಂದು. ಗಂಟಲ ನಡುವಿನಿಂದ ಬರುವ ಒಂದು 'ಅ' ಇದೆ, ಅದಂತೂ ವಾಂತಿ ಬರುವ ಹಾಗೆ ಶುರುವಾಗಿ ನಿಧಾನಕ್ಕೆ ಪಳಗಬೇಕು. ದ್ವಾದ್ ಅಂತ ಒಂದಿದೆ. ಅರಬರು ತಮ್ಮ ಭಾಷೆಯನ್ನೇ ದ್ವಾದ್ ಭಾಷೆ ಅಂತ ಕರೆದುಕೊಂಡಿದ್ದಾರೆ, ಅಷ್ಟು ಜಂಬ ಅದರ ಮೇಲೆ. ನಾಲಿಗೆಯ ಪಕ್ಕ ದವಡೆ ಹಲ್ಲಿಗೆ ಒತ್ತಬೇಕು. ನಾನು ಕನ್ನಡಿ ಮುಂದೆ ನಿಂತು ಒತ್ತುತ್ತಿದ್ದರೆ ನನ್ನ ಮಗಳು ಬಾಗಿಲ ಹತ್ತಿರ ನಿಂತು ನಗುತ್ತಿದ್ದಳು.

ಎರಡು ತಿಂಗಳು ದಿನಾ ಫೋನಲ್ಲಿ ರೆಕಾರ್ಡ್ ಮಾಡಿ ಆಪಾಗೆ ಕಳಿಸಿದೆ. ಸರಿಯಿದ್ದರೆ ಉತ್ತರವೇ ಇರುತ್ತಿರಲಿಲ್ಲ. ತಪ್ಪಿದ್ದರೆ ಒಂದೇ ಶಬ್ದದ ಮೆಸೇಜು: "ನಾಯಿ."

ನಿಲ್ಲುವ ಜಾಗದ ವಿಷಯ ಸ್ವಲ್ಪ ಹೇಳಬೇಕು. ಗಂಡಸರ ಜಮಾಅತಿನಲ್ಲಿ, ಅಂದರೆ ಒಟ್ಟಿಗೆ ಮಾಡುವ ನಮಾಜಿನಲ್ಲಿ, ಇಮಾಮ್ ಸಾಲಿನ ಮುಂದೆ ಒಬ್ಬರೇ ನಿಲ್ಲುತ್ತಾರೆ. ಹೆಂಗಸರಿಗೆ ಹೆಂಗಸು ಇಮಾಮತ್ ಮಾಡಿದರೆ ಮೊದಲ ಸಾಲಿನ ನಡುವೆಯೇ ನಿಲ್ಲಬೇಕು. ಪ್ರವಾದಿ(ಸ)ಯವರ ಪತ್ನಿಯರಾದ ಆಯಿಷಾ(ರ), ಉಮ್ಮು ಸಲಮಾ(ರ) ಇಬ್ಬರೂ ಹೀಗೆ ಹೆಂಗಸರ ನಡುವೆ ನಿಂತು ನಮಾಜು ಮಾಡಿಸಿದ್ದರು ಅನ್ನುವ ವರದಿಗಳಿವೆ (ಸ, ರ ಅನ್ನುವುದು ಹೆಸರಿನ ಜೊತೆ ಬರೆಯುವ ಗೌರವದ ಗುರುತು). ಕೇಳೋಕೆ ಹಿತವಾಗಿದೆ, ಅಲ್ವಾ? ನಿಂತು ನೋಡಿ, ಗೊತ್ತಾಗುತ್ತದೆ. ಮುಂದೆ ನಿಂತ ಇಮಾಮ್ ಎಲ್ಲರ ಕಣ್ಣಿಗೂ ಕಾಣುತ್ತಾರೆ. ನಡುವೆ ನಿಂತರೆ ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬಳು, ಅಷ್ಟೇ. ಸಾಲಿನ ತುದಿಯವರಿಗೆ ನೀವು ಕಾಣುವುದಿಲ್ಲ. ಹಿಂದಿನ ಸಾಲಿಗೆ ಕಂಡರೂ ಎಲ್ಲ ಬೆನ್ನೂ ಒಂದೇ ತರಹ. ಎಲ್ಲವನ್ನೂ ದನಿಯೇ ಮಾಡಬೇಕು.

ಅದಕ್ಕೆ ಒಂದಿಷ್ಟು ಉಪಾಯಗಳಿವೆ. 'ಅಲ್ಲಾಹು ಅಕ್ಬರ್' ಅನ್ನುವ ತಕ್ಬೀರು ಬಗ್ಗುವಾಗ ಶುರುವಾಗಿ ಬಗ್ಗಿ ಮುಗಿಯುವಾಗ ಮುಗಿಯಬೇಕು. ಮೊದಲೇ ಅಂದುಬಿಟ್ಟರೆ ಹಿಂದಿನವರು ನನಗಿಂತ ಮುಂಚೆ ಸಜ್ದಾದಲ್ಲಿ ಇರುತ್ತಾರೆ. ಎರಡನೇ ಸಜ್ದಾದಿಂದ ಎದ್ದು ನಿಲ್ಲಬೇಕೋ ಕೂರಬೇಕೋ ಅನ್ನುವುದು ವಯಸ್ಸಾದವರಿಗೆ ಗೊಂದಲ. ನಿಲ್ಲುವುದಾದರೆ ತಕ್ಬೀರನ್ನು ಉದ್ದ ಎಳೆ, ಕೂರುವುದಾದರೆ ಚಿಕ್ಕದಾಗಿ ಮುಗಿಸು ಅಂತ ಆಪಾ ಹೇಳಿಕೊಟ್ಟರು. ಮೂರು ದಿನದಲ್ಲಿ ಎಲ್ಲರ ಕಿವಿ ಅದಕ್ಕೆ ಹೊಂದಿಕೊಂಡಿತು. ಗಟ್ಟಿಯಾಗಿ ಕೂಗಬಾರದು, ಐದನೇ ರಕಾತಿಗೆ ಗಂಟಲು ಹೋಗುತ್ತದೆ. ಎದೆಯಿಂದ ತೆಗೆಯಬೇಕು. ನಾಲ್ಕು ನಾಲ್ಕು ರಕಾತಿಗೊಮ್ಮೆ ಸುಧಾರಿಸಿಕೊಳ್ಳಲು ಕೂರುತ್ತೇವಲ್ಲ, ಆಗ ಮಾತಾಡದೆ ಸುಮ್ಮನಿರಬೇಕು. ಕೊನೆಯದು ನನ್ನ ಕೈಲಿ ಇವತ್ತಿಗೂ ಆಗಿಲ್ಲ.

ಸುದ್ದಿ ಹರಡಿದ ಮೇಲೆ ಒಬ್ಬ ಖಾಲಾ (ಚಿಕ್ಕಮ್ಮ) ಬಂದರು. ಸಂಬಂಧದಲ್ಲಿ ನನಗೇನೂ ಅಲ್ಲ, ಆದರೆ ಎಲ್ಲರಿಗೂ ಖಾಲಾ. ಆಪಾ ಇಮಾಮತ್ ಮಾಡುತ್ತಿದ್ದಾಗಲೂ ಅವರು ಜಮಾಅತಿಗೆ ಸೇರುತ್ತಿರಲಿಲ್ಲ. ಹಾಲ್‌ನ ಮೂಲೆಯಲ್ಲಿ ಒಬ್ಬರೇ ತಮ್ಮ ಜಾನಮಾಜು ಹಾಸಿಕೊಂಡು ತಮ್ಮ ಪಾಡಿಗೆ ಓದಿಕೊಳ್ಳುತ್ತಿದ್ದರು. "ನಮ್ಮ ಮಝ್‌ಹಬಿನಲ್ಲಿ ಹೆಂಗಸರ ಜಮಾಅತ್ ಮಕ್ರೂಹ್. ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಮೈಮೇಲೆ ಹಾಕಿಕೊಳ್ತೀಯ?" ಅಂದರು.

ಮಝ್‌ಹಬ್ ಅಂದರೆ ಹನಫಿ, ಮಾಲಿಕಿ, ಶಾಫಿ, ಹಂಬಲಿ ಅನ್ನುವಂಥ ಪಂಥ. ಮಕ್ರೂಹ್ ಅಂದರೆ ಮೆಚ್ಚದ ಕೆಲಸ. ಅವರು ಹೇಳಿದ್ದು ಸುಳ್ಳಲ್ಲ. ಹನಫಿ ಗ್ರಂಥಗಳಲ್ಲಿ ಹಾಗೇ ಇದೆ: ಮಕ್ರೂಹ್, ಆದರೂ ಮಾಡಿದರೆ ಇಮಾಮ್ ನಡುವೆ ನಿಲ್ಲಲಿ. ಮಾಲಿಕಿಗಳು ಇನ್ನೂ ಬಿಗಿ, ಹೆಂಗಸಿನ ಇಮಾಮತ್ತೇ ಆಗುವುದಿಲ್ಲ ಅನ್ನುತ್ತಾರೆ. ಶಾಫಿಗಳಲ್ಲಿ ಹೆಂಗಸರು ತಾವೇ ಜಮಾಅತ್ ಮಾಡುವುದು ಒಳ್ಳೆಯ ಕೆಲಸ. ಹಂಬಲಿಗಳಲ್ಲೂ ಹೆಚ್ಚುಕಮ್ಮಿ ಹಾಗೇ. ಹನಫಿಗಳಲ್ಲೇ ಹುಡುಕಿದರೆ, 19ನೇ ಶತಮಾನದ ಅಬ್ದುಲ್ ಹೈ ಲಖ್ನವಿ ಇದನ್ನು ಮಕ್ರೂಹ್ ಅನ್ನುವುದನ್ನು ಒಪ್ಪದೆ ಬರೆದಿದ್ದಾರೆ. ಆಪಾ ಹಿಡಿದಿದ್ದು ಅವರ ದಾರಿ. ಇನ್ನು ಅಬೂ ದಾವೂದ್ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹದಲ್ಲಿ ಉಮ್ಮು ವರಖಾ(ರ) ಅವರ ಕತೆ ಇದೆ. ಬದ್ರ್ ಯುದ್ಧಕ್ಕೆ ತಾನೂ ಬರುತ್ತೇನೆ, ಗಾಯಗೊಂಡವರನ್ನು ನೋಡಿಕೊಳ್ಳುತ್ತೇನೆ ಅಂತ ಕೇಳಿದ ಹೆಂಗಸು ಅವರು. ಕುರ್‌ಆನ್ ಬಲ್ಲವರು. ಪ್ರವಾದಿ(ಸ)ಯವರು ಅವರ ಮನೆಗೆ ಹೋಗಿ ಬರುತ್ತಿದ್ದರು. ಅವರಿಗೆಂದೇ ಅಝಾನ್ ಕೊಡಲು ಒಬ್ಬರನ್ನು ನೇಮಿಸಿ, ಮನೆಯವರಿಗೆ ಇಮಾಮತ್ ಮಾಡಲು ಹೇಳಿದರು. ಅಝಾನ್ ಕೊಡುತ್ತಿದ್ದವರು ಒಬ್ಬ ಮುದುಕರು. 'ಮನೆಯವರು' ಅಂದರೆ ಯಾರು ಯಾರು, ಆ ಮುದುಕರೂ ಅವರ ಹಿಂದೆ ನಿಂತರಾ, ಹದೀಸನ್ನು ಒಬ್ಬರಿಂದೊಬ್ಬರಿಗೆ ಹೇಳಿಕೊಂಡು ಬಂದವರ ಸರಣಿ ಎಷ್ಟು ಗಟ್ಟಿ ಅನ್ನುವ ಚರ್ಚೆ ಸಾವಿರ ವರ್ಷದಿಂದ ನಡೆದೇ ಇದೆ. ನನ್ನ ಮನಸ್ಸು ನಿಲ್ಲುವುದು ಮಾತ್ರ ಆ ಮುದುಕರ ಹತ್ತಿರ. ಹೆಂಗಸಿನ ಮನೆಯ ನಮಾಜಿಗೆ ದಿನಾ ಬಂದು ಅಝಾನ್ ಕೊಟ್ಟು ಹೋದ ಮನುಷ್ಯ. ಅವರ ಹೆಸರು ಯಾರೂ ಬರೆದಿಡಲಿಲ್ಲ.

ಖಾಲಾಗೆ ಇದನ್ನೆಲ್ಲ ಹೇಳಲಿಲ್ಲ ಬಿಡಿ. ಅವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಅವರ ಮುಂದಿನ ಪ್ರಶ್ನೆ ಬಂತು: "ನಾಳೆ ಆ ವೀಡಿಯೋದಲ್ಲಿರೋ ಹೆಂಗಸಿನ ತರಹ ಗಂಡಸರಿಗೂ ಮಾಡಿಸ್ತೀಯೇನು?" ಅವರ ಫೋನಿಗೆ ಯಾರೋ ಫಾರ್ವರ್ಡ್ ಮಾಡಿದ್ದರು. 2018ರ ಜನವರಿ 26ರಂದು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಜಮೀದಾ ಅನ್ನುವವರು ಗಂಡಸರೂ ಹೆಂಗಸರೂ ಇದ್ದ ಜುಮಾ (ಶುಕ್ರವಾರದ) ನಮಾಜು ಮಾಡಿಸಿದ್ದು. ಅದಕ್ಕೂ ಮೊದಲು, 2005ರ ಮಾರ್ಚ್ 18ರಂದು, ಇಸ್ಲಾಮಿಕ್ ವಿದ್ವಾಂಸೆ ಆಮಿನಾ ವದೂದ್ ನ್ಯೂಯಾರ್ಕ್‌ನಲ್ಲಿ ಹೀಗೇ ಮಾಡಿಸಿದ್ದರು. ಮಸೀದಿಗಳು ಜಾಗ ಕೊಡದೆ ಚರ್ಚಿಗೆ ಸೇರಿದ ಕಟ್ಟಡವೊಂದರಲ್ಲಿ ಆ ನಮಾಜು ನಡೆಯಿತು. ಇಬ್ಬರಿಗೂ ಬಂದ ಬೈಗುಳ, ಬೆದರಿಕೆ ಸಣ್ಣದಲ್ಲ. ನನಗೆ ಆ ಧೈರ್ಯವೂ ಇಲ್ಲ, ನಿಜ ಹೇಳಬೇಕೆಂದರೆ ಆ ಆಸೆಯೂ ಇಲ್ಲ. ಆದರೆ ಒಂದು ಬೇಜಾರು. ಜನ ಆ ಎರಡು ಶುಕ್ರವಾರಗಳ ಬಗ್ಗೆ ಇವತ್ತಿಗೂ ಜಗಳ ಆಡುತ್ತಾರೆ, ಸದ್ದಿಲ್ಲದೆ ನಡೆದುಕೊಂಡು ಬಂದಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಚೀನಾದ ಕೈಫೆಂಗ್‌ನಲ್ಲಿ 1820ರಲ್ಲಿ ಕಟ್ಟಿದ ಹೆಂಗಸರದ್ದೇ ಮಸೀದಿ ಇದೆ. ಅಲ್ಲಿ ಹೆಂಗಸರಿಗೆ ದೀನ್, ಅಂದರೆ ಧರ್ಮ, ಕಲಿಸುವ ಹೆಣ್ಣು ಆಹೋಂಗ್‌ಗಳ ಪರಂಪರೆಯೇ ಇದೆ. ಮೊರಾಕೋದಲ್ಲಿ 2006ರಲ್ಲಿ 50 ಹೆಂಗಸರು ಮುರ್ಶಿದಾ ಆಗಿ ತರಬೇತಿ ಮುಗಿಸಿ ಹೊರಬಂದರು. ಸರಕಾರವೇ ಕೊಟ್ಟ ತರಬೇತಿ. ಮಸೀದಿ, ಜೈಲು, ಆಸ್ಪತ್ರೆ ಎಲ್ಲ ಕಡೆ ಹೋಗಿ ಜನರ ಮಾತು ಕೇಳುತ್ತಾರೆ, ದಾರಿ ಹೇಳುತ್ತಾರೆ. ಇಮಾಮತ್ ಮಾತ್ರ ಮಾಡುವ ಹಾಗಿಲ್ಲ.

"ಇಲ್ಲ ಖಾಲಾ, ಮಾಡಿಸಲ್ಲ" ಅಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮೊದಲ ರಾತ್ರಿ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಝೂ ಎಂಟು ಸಲ ಮಾಡಿದ್ದೆ ಅಂದರೆ ನಂಬುತ್ತೀರಾ? ಹೆದರಿಕೆಗೆ ಹೊಟ್ಟೆ ನಿಲ್ಲುತ್ತಿರಲಿಲ್ಲ. ಎಡಕ್ಕೆ ಒಬ್ಬ ಟೀಚರ್, ಬಲಕ್ಕೆ ಹತ್ತು ಹನ್ನೊಂದು ವರ್ಷದ ಒಂದು ಹುಡುಗಿ. ಅವಳ ಅಮ್ಮ ಹಿಂದಿನ ಸಾಲಿಗೆ ಹೋಗು ಅಂದರೂ ಕೇಳದೆ ನನ್ನ ಪಕ್ಕ ಬಂದು ನಿಂತಿದ್ದಳು. ಮೊದಲ ನಾಲ್ಕು ರಕಾತ್ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಐದನೆಯದರಲ್ಲಿ ಕಾಫಿರೂನ್ ಸೂರಾ.

ಈ ಸೂರಾ ಬಲ್ಲವರಿಗೆ ನಾನು ಏನು ಹೇಳಲು ಹೊರಟಿದ್ದೇನೆ ಅಂತ ಆಗಲೇ ಗೊತ್ತಾಗಿರುತ್ತದೆ. ಆರೇ ಆರು ಆಯತ್, ಅಂದರೆ ವಾಕ್ಯ. ಅದರಲ್ಲಿ ಮೂರನೆಯದೂ ಐದನೆಯದೂ ಅಕ್ಷರಕ್ಕೆ ಅಕ್ಷರ ಒಂದೇ: "ವಲಾ ಅಂತುಂ ಆಬಿದೂನ ಮಾ ಅಅ್‌ಬುದ್." ಮೂರನೆಯದಾದರೆ ಮುಂದೆ ನಾಲ್ಕಕ್ಕೆ ಹೋಗಬೇಕು, ಐದನೆಯದಾದರೆ ಆರಕ್ಕೆ ಹೋಗಿ ಮುಗಿಸಬೇಕು. ಈಗ ಓದಿದ್ದು ಮೂರೋ ಐದೋ ಅನ್ನುವುದು ಮರೆತರೆ ಮುಗಿಯಿತು. ಗಾಣದ ಎತ್ತು. ನಾನು ಓದಿದೆ, ನಾಲ್ಕಕ್ಕೆ ಹೋದೆ, ಮತ್ತೆ ಅಲ್ಲಿಗೇ ಬಂದೆ, ಮತ್ತೆ ನಾಲ್ಕಕ್ಕೆ ಹೋದೆ. ಎರಡನೇ ಸುತ್ತಿನಲ್ಲೇ ಗೊತ್ತಾಯಿತು ಸುತ್ತುತ್ತಿದ್ದೇನೆ ಅಂತ, ಆದರೆ ಹೊರಬರುವ ಬಾಗಿಲು ಕಾಣುತ್ತಿಲ್ಲ. ಬೆನ್ನ ಮೇಲೆ ಬೆವರು ಇಳಿಯುವುದು ಗೊತ್ತಾಗುತ್ತಿತ್ತು. ಮೂರನೇ ಸಲ ಅಲ್ಲಿಗೆ ಬಂದಾಗ ಬಲಗಡೆಯಿಂದ ಸಣ್ಣ ದನಿ:

"ಲಕುಂ ದೀನುಕುಂ ವಲಿಯ ದೀನ್."

ನಾನೂ ಅದನ್ನೇ ಅಂದೆ, ನಡು ಬಗ್ಗಿಸುವ ರುಕೂಗೆ ಹೋದೆ.

ಓದುತ್ತಾ ತಡವರಿಸಿದ ಇಮಾಮ್‌ಗೆ ಹಿಂದಿನವರು ಮುಂದಿನ ಶಬ್ದ ಎತ್ತಿಕೊಡುವುದಕ್ಕೆ ಲುಕ್ಮಾ ಕೊಡುವುದು ಅನ್ನುತ್ತಾರೆ. ಲುಕ್ಮಾ ಅಂದರೆ ತುತ್ತು. ಆ ಹೆಸರು ಇಟ್ಟವರಿಗೆ ಹಸಿವು ಗೊತ್ತಿತ್ತು. ಸಲಾಂ ಹೇಳಿ ಮುಗಿಸಿದ ಮೇಲೆ ಹುಡುಗಿಯ ಕಡೆ ತಿರುಗಿದರೆ ಅವಳು ಆಗಲೇ ಆಕಳಿಸುತ್ತಿದ್ದಳು, ಏನೂ ಆಗಿಲ್ಲ ಅನ್ನುವ ಹಾಗೆ. ಕುರ್ಚಿಯಲ್ಲಿದ್ದ ಆಪಾ ನನ್ನನ್ನು ನೋಡಲಿಲ್ಲ. ಮನೆಗೆ ಹೋದಾಗ ಫೋನಲ್ಲಿ ಮೆಸೇಜ್ ಇತ್ತು. "ನಾಯಿ ಇರಲಿಲ್ಲ."

ನಮಾಜು ಮಾಡಿಸುವುದು ಇಷ್ಟೇ ಅಂದುಕೊಂಡಿದ್ದೆ. ನಿಜವಾದ ಕೆಲಸ ನಮಾಜು ಮುಗಿದ ಮೇಲೆ ಅಂತ ನಾಲ್ಕೈದು ದಿನದಲ್ಲಿ ಗೊತ್ತಾಯಿತು. ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಒಬ್ಬರು ಮಾತ್ರ ಜಾನಮಾಜು ಮಡಚುತ್ತಾ ತಡ ಮಾಡುತ್ತಾರೆ. ಮಡಚಿದ್ದನ್ನೇ ಮತ್ತೆ ಮಡಚುತ್ತಾರೆ. ಅವರಿಗೆ ಏನೋ ಕೇಳುವುದಿದೆ ಅಂತ ಅರ್ಥ. ಹತ್ತರಲ್ಲಿ ಎಂಟು ಪ್ರಶ್ನೆ ಮುಟ್ಟಿನದೇ. ಎಷ್ಟು ದಿನ, ಯಾವಾಗ ಸ್ನಾನ, ನಿಂತು ಮತ್ತೆ ಬಂದರೆ ರೋಝಾ (ಉಪವಾಸ) ಏನಾಗುತ್ತದೆ. ಹನಫಿಗಳಲ್ಲಿ ಕಡಿಮೆ ಅಂದರೆ 3 ದಿನ, ಹೆಚ್ಚೆಂದರೆ 10. ಶಾಫಿಗಳಲ್ಲಿ 1ರಿಂದ 15. ಇದನ್ನು ಮಸೀದಿಗೆ ಹೋಗಿ ಮೌಲವಿ ಸಾಹೇಬರ ಹತ್ತಿರ ಯಾರು ಕೇಳುತ್ತಾರೆ? ಗಂಡನ ಕೈಲಿ ಚೀಟಿ ಕಳಿಸಿ ಕೇಳಿದರೆ ಉತ್ತರ ಬರುವಷ್ಟರಲ್ಲಿ ಆ ತಿಂಗಳೇ ಮುಗಿದಿರುತ್ತದೆ.

ಒಬ್ಬರು ಹೇಳಿದ್ದು ನನ್ನ ತಲೆಯಿಂದ ಹೋಗುವುದಿಲ್ಲ. ಮುಟ್ಟಿನ ದಿನಗಳಲ್ಲಿ ಬಿಟ್ಟ ನಮಾಜನ್ನೆಲ್ಲ ಅವರು ಆಮೇಲೆ ಲೆಕ್ಕ ಇಟ್ಟು ತೀರಿಸುತ್ತಿದ್ದರು. ಮದುವೆಯಾದಾಗಿನಿಂದ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಲ್ಲಿ, ಯಾರಿಗೂ ಗೊತ್ತಾಗದ ಹಾಗೆ. "ಇನ್ನೂ ಬಾಕಿ ಇದೆ, ವಯಸ್ಸಾಯ್ತು, ತೀರಿಸೋಕೆ ಆಗುತ್ತೋ ಇಲ್ವೋ" ಅಂತ ಭಯ. ರೋಝಾ ತೀರಿಸಬೇಕು, ಆ ದಿನಗಳ ನಮಾಜು ತೀರಿಸಬೇಕಿಲ್ಲ. ಇದರಲ್ಲಿ ಮಝ್‌ಹಬ್‌ಗಳ ನಡುವೆ ಜಗಳವೇ ಇಲ್ಲ. ಮುಆಝಾ ಅನ್ನುವ ಹೆಂಗಸು ಇದನ್ನೇ ಆಯಿಷಾ(ರ) ಅವರ ಹತ್ತಿರ ಕೇಳಿದ್ದರು. ರೋಝಾ ತೀರಿಸಲು ನಮಗೆ ಹೇಳಿದ್ದರು, ನಮಾಜು ತೀರಿಸಲು ಹೇಳಿರಲಿಲ್ಲ ಅಂತ ಆಯಿಷಾ(ರ) ಉತ್ತರ ಕೊಟ್ಟಿದ್ದು ಹದೀಸಿನಲ್ಲಿದೆ. ನಾನು ಅದನ್ನು ಹೇಳಿದೆ. ಖುಷಿಯಾಗುತ್ತಾರೆ ಅಂದುಕೊಂಡೆ. ಅವರು ಗೋಡೆಗೆ ಒರಗಿ ತುಂಬಾ ಹೊತ್ತು ಕೂತರು. "ಯಾರೂ ಹೇಳಲಿಲ್ಲವಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಯಾವ ಹದೀಸೂ ಇರಲಿಲ್ಲ.

ತಪ್ಪು ಉತ್ತರವನ್ನೂ ಕೊಟ್ಟಿದ್ದೇನೆ. ಮಗುವಿಗೆ ಹಾಲು ಕುಡಿಸುವ ತಾಯಿಯೊಬ್ಬಳು ರೋಝಾ ಬಿಟ್ಟರೆ ಏನು ಮಾಡಬೇಕು ಅಂತ ಕೇಳಿದಳು. ಎಲ್ಲೋ ಓದಿದ ನೆನಪಿನಲ್ಲಿ, ಬಡವರಿಗೆ ಊಟ ಕೊಟ್ಟರೆ ಸಾಕು ಅಂದುಬಿಟ್ಟೆ. ಹಾಗೆ ಹೇಳಿದ ಹಿರಿಯರಿದ್ದಾರೆ, ಆದರೆ ಅವಳು ಅನುಸರಿಸುವ ಮಝ್‌ಹಬಿನಲ್ಲಿ ಆಮೇಲೆ ರೋಝಾ ಹಿಡಿದೇ ತೀರಿಸಬೇಕು. ಆಪಾಗೆ ಹೇಳಿದೆ. ಅವರು ಬೈಯಲಿಲ್ಲ. "ಅವಳ ಮನೆ ಗೊತ್ತಾ? ಈಗಲೇ ಹೋಗು" ಅಂದರು. ಹೋಗಿ ಬಾಗಿಲಲ್ಲಿ ನಿಂತು ನಾನು ಹೇಳಿದ್ದು ತಪ್ಪು ಅಂತ ಹೇಳಿ ಬಂದೆ. ಇಪ್ಪತ್ತು ರಕಾತ್ ನಿಂತಾಗಲೂ ಕಾಲು ಅಷ್ಟು ನಡುಗಿರಲಿಲ್ಲ. ಆವತ್ತಿನಿಂದ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನುವುದು ನನ್ನ ಬಾಯಲ್ಲಿ ಸಲೀಸಾಗಿ ಬರುತ್ತದೆ.

ಅದೇ ವರ್ಷ, ಈದ್ ಆಗಿ ಎರಡು ತಿಂಗಳಾಗಿರಬೇಕು, ಬೆಳಗಿನ ಜಾವ ಫೋನ್ ಬಂತು. ಮೂಲೆಯ ಖಾಲಾ. ಅವರ ಅಕ್ಕ ತೀರಿಕೊಂಡಿದ್ದರು. "ಗುಸ್ಲ್ ಕೊಡೋಕೆ ಬಾ" ಅಂದರು. ಹೆಂಗಸಿನ ಮಯ್ಯತ್‌ಗೆ ಹೆಂಗಸರೇ ಸ್ನಾನ ಮಾಡಿಸಬೇಕು. ಇಲ್ಲಿ ಮಾತ್ರ ನಮ್ಮನ್ನು ಬೇಡ ಅನ್ನುವ ಮಝ್‌ಹಬ್ ಇಲ್ಲ. ಪ್ರವಾದಿ(ಸ)ಯವರ ಮಗಳಿಗೆ ಸ್ನಾನ ಮಾಡಿಸಿದ್ದು ಉಮ್ಮು ಅತಿಯ್ಯಾ(ರ) ಮತ್ತು ಜೊತೆಯ ಹೆಂಗಸರು. ಬಲಗಡೆಯಿಂದ ಶುರು ಮಾಡಿ, ಮೂರು ಸಲ ಇಲ್ಲವೇ ಐದು ಸಲ, ಅಂತೂ ಬೆಸ ಸಂಖ್ಯೆಯಲ್ಲಿ, ಕೊನೆಯ ನೀರಿಗೆ ಕರ್ಪೂರ ಹಾಕಿ ಅಂತ ಅವರಿಗೆ ಹೇಳಿಕೊಟ್ಟಿದ್ದು ಇವತ್ತಿಗೂ ಹಾಗೇ ನಡೆಯುತ್ತದೆ. ಈ ವಿಷಯದಲ್ಲಿ ಗಂಡಸು ವಿದ್ವಾಂಸರೂ ಕಲಿತಿದ್ದು ಆ ಹೆಂಗಸಿನ ಬಾಯಿಂದಲೇ.

ನೀರು ಉಗುರುಬೆಚ್ಚಗೆ ಇರಬೇಕು. ಖಾಲಾ ತಮ್ಮ ಮೊಣಕೈ ಅದ್ದಿ ನೋಡಿದರು, ಕೂಸಿನ ನೀರು ನೋಡುವ ಹಾಗೆ. ಮೈಮೇಲಿನ ಬಟ್ಟೆ ಸರಿಯದಂತೆ ಅದರೊಳಗೇ ಕೈ ಹಾಕಿ ತೊಳೆಯಬೇಕು. ನಾನು ತೊಳೆದೆ, ಅವರು ನೀರು ಹೊಯ್ದರು. ಕೂದಲ ಹತ್ತಿರ ಬಂದಾಗ ನಾನು ಸುಮ್ಮನೆ ನಿಂತೆ. ಉಮ್ಮು ಅತಿಯ್ಯಾ(ರ) ಮೂರು ಜಡೆ ಮಾಡಿ ಹಿಂದಕ್ಕೆ ಹಾಕಿದ್ದರು. ಹನಫಿಗಳು ಎರಡು ಭಾಗ ಮಾಡಿ ಎದೆಯ ಮೇಲೆ ಬಿಡುತ್ತಾರೆ. ಖಾಲಾ ಏನೂ ಹೇಳದೆ ಎರಡು ಭಾಗ ಮಾಡಿ ಎದೆಯ ಮೇಲೆ ಬಿಟ್ಟರು. ಅವರ ಅಕ್ಕ, ಅವರ ಲೆಕ್ಕ. ಆಮೇಲೆ ಮೈಗೆ ಸುತ್ತುವ ಐದು ತುಂಡಿನ ಕಫನ್. ಆ ಎರಡು ಗಂಟೆಯಲ್ಲಿ ನನ್ನ ಇಮಾಮತ್ ಬಗ್ಗೆ ಒಂದು ಮಾತೂ ಬರಲಿಲ್ಲ.

ಮುಂದಿನ ರಮಝಾನಿಗೆ ಖಾಲಾ ಜಮಾಅತಿಗೆ ಸೇರುತ್ತಾರೆ ಅಂತ ನನಗೆ ಒಳಗೊಳಗೇ ಆಸೆ ಇತ್ತು. ಇಲ್ಲ. ಅದೇ ಮೂಲೆ, ಅದೇ ಜಾನಮಾಜು. ಅದರ ಮುಂದಿನ ವರ್ಷವೂ ಅದೇ.

ಈ ಸಲ ನಾನು ಹತ್ತು ಸೂರಾ ಬಿಟ್ಟು ಸ್ವಲ್ಪ ಮುಂದೆ ಹೋಗಿದ್ದೆ. ಒಂದು ರಾತ್ರಿ ಲೈಲ್ ಸೂರಾ ಹಿಡಿದೆ. ಕೊಡುವವನ ಮಾತು ಬರುವಲ್ಲಿ 'ಯುಸ್ರಾ', ಜಿಪುಣನ ಮಾತು ಬರುವಲ್ಲಿ 'ಉಸ್ರಾ'. ಒಂದು ಸುಲಭ, ಒಂದು ಕಷ್ಟ. ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಒಂದೇ ತರಹ. "ಫಸನುಯಸ್ಸಿರುಹೂ" ಅಂದೆ, ನಿಂತುಬಿಟ್ಟೆ. ಮತ್ತೆ ಅಂದೆ, ಮತ್ತೆ ನಿಂತೆ. ಪಕ್ಕದ ಹುಡುಗಿ ಈಗ ಎತ್ತರವಾಗಿದ್ದಾಳೆ, ಆದರೆ ಅವಳಿಗೆ ಆ ಸೂರಾ ಬಾರದು. ಹಾಲ್ ಪೂರ್ತಿ ನಿಶ್ಶಬ್ದ. ಆಗ ಮೂಲೆಯಿಂದ ಸ್ಪಷ್ಟವಾಗಿ ಬಂತು:

"ಲಿಲ್ ಯುಸ್ರಾ."

ಖಾಲಾ. ತಮ್ಮ ನಮಾಜು ಮುಗಿಸಿ ತಸ್ಬೀಹ್ ಎಣಿಸುತ್ತಾ ಕೂತಿದ್ದವರು.

ಈಗ ತೊಂದರೆ ಏನೆಂದರೆ, ಲುಕ್ಮಾ ಕೊಡಬೇಕಾದವರು ಆ ನಮಾಜಿನ ಒಳಗೇ ಇರಬೇಕು. ಹೊರಗಿನವರು ಕೊಟ್ಟದ್ದನ್ನು ಇಮಾಮ್ ತೆಗೆದುಕೊಂಡರೆ ಹನಫಿ ಮಸಲಾ ಪ್ರಕಾರ ನಮಾಜೇ ಮುರಿಯುತ್ತದೆ. ಎಲ್ಲರದ್ದೂ. ಬಾಯಿಗೆ ಬಂದ ತುತ್ತು, ನುಂಗುವ ಹಾಗಿಲ್ಲ. ಆರು ಆಯತ್ ಆಗಲೇ ಓದಿಯಾಗಿತ್ತು, ಅಷ್ಟು ಸಾಕು. 'ಅಲ್ಲಾಹು ಅಕ್ಬರ್' ಅಂತ ನೇರ ರುಕೂಗೆ ಹೋದೆ.

ಎಲ್ಲ ಮುಗಿದ ಮೇಲೆ ಖಾಲಾ ಕರೆದರು.

"ಕೊಟ್ಟಿದ್ದನ್ನು ಯಾಕೆ ತಗೊಳ್ಳಲಿಲ್ಲ?"

"ನೀವು ನಮ್ಮ ಜಮಾಅತಿನಲ್ಲಿ ಇರಲಿಲ್ಲವಲ್ಲ ಖಾಲಾ."

ಅವರು ನನ್ನನ್ನೇ ನೋಡಿದರು. ಜಾನಮಾಜು ಮಡಚಿದರು. ಮಡಚಿದ್ದನ್ನೇ ಇನ್ನೊಂದು ಸಲ ಮಡಚಿದರು.

"ಮಸಲಾ ಎಲ್ಲ ಚೆನ್ನಾಗಿ ಕಲಿತಿದ್ದೀಯ," ಅಂದರು. "ಸೂರಾ ಮಾತ್ರ ನೆಟ್ಟಗೆ ಬರಲ್ಲ."